ಕಾರ್ಡಿನಲ್ಲಿ ಐದು, ಮನೆಯಲ್ಲೂ ಐದು. ಆದರೂ ಲೆಕ್ಕ ತಪ್ಪು

ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಲ್ಲಿ ಒಂದು ಮನೆಯಿದೆ ಎಂದುಕೊಳ್ಳೋಣ. ರೇಷನ್ ಕಾರ್ಡಿನಲ್ಲಿ ಐದು ಹೆಸರು: ಅಜ್ಜಿ, ಮಗ, ಸೊಸೆ, ಮೊಮ್ಮಗ, ಮೊಮ್ಮಗಳು. ಹೋದ ವರ್ಷ ಅಜ್ಜಿ ತೀರಿಕೊಂಡಳು. ಮೊಮ್ಮಗಳನ್ನು ಮುಂಡರಗಿಗೆ ಕೊಟ್ಟರು. ಮೊಮ್ಮಗನಿಗೆ ಲಕ್ಷ್ಮೇಶ್ವರದಿಂದ ಹೆಣ್ಣು ತಂದರು, ಕೂಸೂ ಆಯಿತು. ಇಬ್ಬರು ಹೋದರು, ಇಬ್ಬರು ಬಂದರು. "ಐದಕ್ಕ ಐದ ಅದಾವು, ಮತ್ಯಾಕ ಕಚೇರಿಗೆ ಅಡ್ಡಾಡೂದ್ರಿ?" ಎಂದು ಮನೆಯ ಯಜಮಾನ ಕೇಳಿದರೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ.

ಉತ್ತರ ಸಿಗುವುದು ತಿಂಗಳ ಮೊದಲ ವಾರ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ. ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡ ಹೆಂಗಸು ಸೆರಗಿಗೆ ಹೆಬ್ಬೆರಳು ಒರೆಸಿ ಯಂತ್ರದ ಗಾಜಿನ ಮೇಲೆ ಒತ್ತುತ್ತಾಳೆ. ಮೆಣಸಿನಕಾಯಿ ಬಿಡಿಸಿ ಸವೆದ ಬೆರಳು ಒಮ್ಮೊಮ್ಮೆ ಮೂರನೇ ಸಲಕ್ಕೆ ಹತ್ತುತ್ತದೆ. ಆ ಯಂತ್ರಕ್ಕೆ ಗೊತ್ತಿರುವುದು ಆಧಾರ್ ಜೋಡಿಸಿದ ಹೆಸರುಗಳು ಮಾತ್ರ. ತೀರಿಕೊಂಡ ಅಜ್ಜಿಗೆ ಇ-ಕೆವೈಸಿ ಮಾಡಿಸಲು ಬರುವುದಿಲ್ಲ. ಮನೆಯಲ್ಲೇ ಇರುವ ಕೂಸಿಗೆ ಅಕ್ಕಿ ಬರುವುದಿಲ್ಲ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಎರಡು ಬಗೆಯ ಕುಟುಂಬಗಳಿಗೆ ಧಾನ್ಯದ ಹಕ್ಕು ಕೊಟ್ಟಿದೆ. ಅಂತ್ಯೋದಯ ಕಾರ್ಡಿಗೆ ಮನೆಯಲ್ಲಿ ಎಷ್ಟೇ ಮಂದಿ ಇರಲಿ, ತಿಂಗಳಿಗೆ 35 ಕಿಲೋ. ಜನ ಬಿಪಿಎಲ್ ಎನ್ನುವ ಆದ್ಯತಾ ಕುಟುಂಬದ ಕಾರ್ಡಿಗೆ ತಲೆಗೆ 5 ಕಿಲೋ. ಹೆಸರು ಸೇರಿಸುವುದರ ಲಾಭ ಎದ್ದು ಕಾಣುವುದು ಈ ಎರಡನೆಯದರಲ್ಲಿ. ಒಂದು ಹೆಸರು ಬಿಟ್ಟುಹೋದರೆ ವರ್ಷಕ್ಕೆ 60 ಕಿಲೋ ಹೋಯಿತು, ಅದೂ ಕೇಂದ್ರದ ಪಾಲಿನದಷ್ಟೇ. ಅನ್ನಭಾಗ್ಯದಲ್ಲಿ ರಾಜ್ಯ ಕೊಡುವ ಹೆಚ್ಚುವರಿ ಪಾಲಿನ ರೂಪ ಆಗಾಗ ಬದಲಾಗಿದೆ. 2023ರ ಜುಲೈನಿಂದ ಅದು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಣವಾಗಿತ್ತು, 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯಾಯಿತು. ಹಣವಿರಲಿ, ಅಕ್ಕಿಯಿರಲಿ, ಕಾರ್ಡಿನಲ್ಲಿಲ್ಲದವರಿಗೆ ಅದೂ ಇಲ್ಲ.

ಅಜ್ಜಿಯ ವಿಷಯ ಇನ್ನೂ ಸೂಕ್ಷ್ಮ. ಕಾಯ್ದೆಯ 13ನೇ ಕಲಮಿನ ಪ್ರಕಾರ 18 ತುಂಬಿದ ಅತಿ ಹಿರಿಯ ಹೆಣ್ಣುಮಗಳೇ ಕಾರ್ಡಿನ ಮಟ್ಟಿಗೆ ಮನೆಯ ಮುಖ್ಯಸ್ಥೆ. ಹಾಗಿರುವ ಹೆಂಗಸು ಇಲ್ಲದಿದ್ದರೆ ಮಾತ್ರ ಹಿರಿಯ ಗಂಡಸು, ಅದೂ ಮನೆಯ ಹುಡುಗಿಗೆ 18 ತುಂಬುವವರೆಗೆ. ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಹಣ ಹೋಗುವುದು ಇದೇ ಯಜಮಾನಿಯ ಖಾತೆಗೆ. ಅಜ್ಜಿಯ ಹೆಸರು ತೆಗೆಸದೆ ಬಿಟ್ಟರೆ ಸತ್ತವಳ ಖಾತೆಗೆ ಹಣ ಬೀಳುತ್ತದೆ. ಅದು ಮನೆಯವರ ಹಣವಲ್ಲ, ತಿರುಗಿಸಿ ಕೊಡಬೇಕಾದದ್ದು. ಇತ್ತ ಸೊಸೆ ಯಜಮಾನಿಯಾಗಿ ಕಾರ್ಡಿಗೆ ಏರುವವರೆಗೆ ಅವಳ ಹೆಸರಿಗೆ ಅರ್ಜಿಯೂ ನಡೆಯುವುದಿಲ್ಲ. ಮರಣ ಪತ್ರದಿಂದಲೇ ಕೆಲಸ ಶುರುವಾಗಬೇಕು. ಜನನ, ಮರಣ ಎರಡನ್ನೂ 21 ದಿನದೊಳಗೆ ನೋಂದಾಯಿಸಬೇಕೆಂದು 1969ರ ಕಾಯ್ದೆ ಹೇಳುತ್ತದೆ. ಕ್ರಿಯೆ, ತಿಥಿಗಳ ನಡುವೆ ಅದು ಮರೆಯುವುದು ಸಹಜ. ಮರೆತಷ್ಟೂ ಓಡಾಟ ಹೆಚ್ಚು.

ಮದುವೆಯಾಗಿ ಬಂದವಳ ಹೆಸರು ಸೇರಿಸುವುದಕ್ಕೆ ಮೊದಲು ಲಕ್ಷ್ಮೇಶ್ವರದ ತವರಿನ ಕಾರ್ಡಿನಿಂದ ತೆಗೆಸಬೇಕು. ಒಂದು ಆಧಾರ್ ಎರಡು ಕಾರ್ಡಿನಲ್ಲಿ ಕೂರುವುದಿಲ್ಲ. ಇದನ್ನು ಮುಂಡರಗಿಯ ಬೀಗರ ಕಡೆಯಿಂದಲೂ ನೋಡಬೇಕು. ಬೆಳ್ಳಟ್ಟಿಯವರು ಮಗಳ ಹೆಸರು ತೆಗೆಸದಿದ್ದರೆ ಅಲ್ಲಿ ಅವಳನ್ನು ಸೇರಿಸಲು ಬರುವುದಿಲ್ಲ, ನಾಳೆ ಹುಟ್ಟುವ ಅವಳ ಮಗುವಿನ ಕೆಲಸವೂ ತೊಡಕಾಗುತ್ತದೆ. ತವರಿನ ಕಾರ್ಡಿನಲ್ಲಿ ಹೆಸರು ಇರಲಿ ಎನ್ನುವುದು ಪ್ರೀತಿಯಿಂದಲೇ ಇರಬಹುದು, ಅದರ ನಷ್ಟ ಮಗಳ ತಟ್ಟೆಗೆ.

ಗುಳೆ ಹೋಗುವ ಮನೆಗಳ ಪಾಡು ಬೇರೆ. ಗದಗ ಜಿಲ್ಲೆಯ ಬಯಲುಸೀಮೆಯಿಂದ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರು ಹೆಸರು ತೆಗೆಸಬೇಕಿಲ್ಲ. 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ತಂಬ್ ಕೊಟ್ಟು ಅಲ್ಲಿಯೇ ಧಾನ್ಯ ಪಡೆಯಬಹುದು. ಎಲ್ಲ ರಾಜ್ಯಗಳೂ 2021ರ ಜುಲೈ 31ರೊಳಗೆ ಇದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟೇ ಹೇಳಿತ್ತು. ಗೋವಾದಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ ಎನ್ನುವುದು ನೆನಪಿರಲಿ. ಎಲ್ಲಿಯೂ ಪಡೆಯದೆ ಸುಮ್ಮನಿದ್ದರೆ ಅಪಾಯವಿದೆ: 2025ರ ಜುಲೈನಲ್ಲಿ ಕೇಂದ್ರ ಮಾಡಿದ ತಿದ್ದುಪಡಿಯಂತೆ ಆರು ತಿಂಗಳು ಧಾನ್ಯ ಎತ್ತದ ಕಾರ್ಡು ತಾತ್ಕಾಲಿಕವಾಗಿ ಸ್ಥಗಿತವಾಗುತ್ತದೆ. ಮುಂದಿನ ಮೂರು ತಿಂಗಳಲ್ಲಿ ಸ್ಥಳ ಪರಿಶೀಲನೆ, ಇ-ಕೆವೈಸಿ ನಡೆದು ಅರ್ಹತೆ ತೀರ್ಮಾನವಾಗಬೇಕು.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಬದಲಾವಣೆ: ಮನೆಯ ಸ್ಥಿತಿ ಸುಧಾರಿಸಿದ್ದು. ಮಗನಿಗೆ ಸರ್ಕಾರಿ ನೌಕರಿ ಸಿಕ್ಕರೆ, ಮನೆಯವರು ಆದಾಯ ತೆರಿಗೆ ಕಟ್ಟತೊಡಗಿದರೆ, ವಾರ್ಷಿಕ ಆದಾಯ 1.20 ಲಕ್ಷ ದಾಟಿದರೆ ಬಿಪಿಎಲ್ ಕಾರ್ಡು ಉಳಿಯುವುದಿಲ್ಲ. ತಾವಾಗಿ ಒಪ್ಪಿಸಿದರೆ ಅಲ್ಲಿಗೆ ಮುಗಿಯಿತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಪಡೆದ ಧಾನ್ಯದ ಬೆಲೆ ವಸೂಲಿಯಾಗಬಹುದು. 1.20 ಲಕ್ಷವೆಂದರೆ ತಿಂಗಳಿಗೆ ಹತ್ತು ಸಾವಿರ. ಇಬ್ಬರು ದುಡಿಯುವ ಕೂಲಿಕಾರರ ಮನೆಯೂ ಅದನ್ನು ದಾಟೀತು. ಮಿತಿಯೇ ಹಳೆಯದು ಎಂಬ ದೂರಿನಲ್ಲಿ ಹುರುಳಿದೆ.

ಹಾಗೆಂದು ಕಾರ್ಡು ಕಿತ್ತುಕೊಳ್ಳುವುದೂ ಸಲೀಸಲ್ಲ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಿ ಗದ್ದಲವೆದ್ದಾಗ, ತೆರಿಗೆದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸುವುದಾಗಿ ಸರ್ಕಾರವೇ ಹೇಳಬೇಕಾಯಿತು. ಆಧಾರ್ ಜೋಡಿಸಿಲ್ಲವೆಂದು ದೇಶದಲ್ಲಿ ಸುಮಾರು ಮೂರು ಕೋಟಿ ಕಾರ್ಡು ರದ್ದಾಗಿವೆ ಎಂಬ ದೂರು 2021ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಇದು ತೀರಾ ಗಂಭೀರ ವಿಷಯವೆಂದು ನ್ಯಾಯಪೀಠ ಕೇಂದ್ರದ ಉತ್ತರ ಕೇಳಿತ್ತು. ನೋಟಿಸು ಕೊಡದೆ, ಮಾತು ಕೇಳದೆ ಹಕ್ಕು ಕಸಿಯುವಂತಿಲ್ಲ ಎನ್ನುವುದು ಸಹಜ ನ್ಯಾಯದ ಮೊದಲ ಪಾಠ. ಅಂಗಡಿಯವರು "ನಿಮ್ಮ ಕಾರ್ಡ್ ಬಂದ್ ಆಗೇತಿ" ಎಂದರೆ ಅದು ಆದೇಶವಲ್ಲ. ಆದೇಶದ ಪ್ರತಿಯನ್ನು ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಯಲ್ಲಿ ಕೇಳಬೇಕು.

ಅರ್ಜಿ ಹಾಕುವುದು ಗ್ರಾಮ ಒನ್ ಕೇಂದ್ರದಲ್ಲಿ. ಕೂಸಿಗೆ ಜನನ ಪ್ರಮಾಣಪತ್ರ, ಹೋದವರಿಗೆ ಮರಣ ಪತ್ರ, ಹೊಸ ಸೊಸೆಗೆ ಗಂಡನ ಮನೆ ವಿಳಾಸದ ಆಧಾರ್ ಒಯ್ಯಬೇಕು. ತೊಡಕೆಂದರೆ ಇಲಾಖೆಯ ತಂತ್ರಾಂಶ ತಿದ್ದುಪಡಿಗೆ ಸದಾ ತೆರೆದಿರುವುದಿಲ್ಲ, ತೆರೆದ ದಿನ ಸರ್ವರ್ ಇರುವುದಿಲ್ಲ. ಬದಲಾವಣೆ ತಿಳಿಸಿ ಎನ್ನುವವರೇ ಬಾಗಿಲು ಹಾಕಿಕೊಂಡರೆ ಹೇಗೆ? ಅಂಥ ಹೊತ್ತಿನಲ್ಲಿ ಕೈಬರಹದ ಅರ್ಜಿಯನ್ನು ಶಿರಹಟ್ಟಿಯ ತಹಶೀಲ್ದಾರ್ ಕಚೇರಿಗೆ ಕೊಟ್ಟು, ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡರೆ ಮುಂದೆ 'ನೀವು ತಿಳಿಸಲಿಲ್ಲ' ಎನ್ನುವ ಮಾತಿಗೆ ಅದೇ ಜವಾಬು. ಆನ್‌ಲೈನ್ ಅರ್ಜಿಯಾದರೆ ಸಕಾಲದ ಸ್ವೀಕೃತಿ ಸಂಖ್ಯೆ ಬಿಡಬಾರದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಲು ಸಕಾಲ ಕಾಯ್ದೆಯಲ್ಲಿ ಅವಕಾಶವಿದೆ.

ದೂರಿಗೆ 1967 ಸಹಾಯವಾಣಿ. ಅಲ್ಲಿಯೂ ಆಗದಿದ್ದರೆ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ, ಆಮೇಲೆ ರಾಜ್ಯ ಆಹಾರ ಆಯೋಗ. ವಕೀಲರು ಬೇಕಾದರೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಬಹುದು.

ಬೆಳ್ಳಟ್ಟಿಯ ಆ ಮನೆಯ ಕಾರ್ಡಿನಲ್ಲಿ ತಿದ್ದುಪಡಿಯ ನಂತರವೂ ಐದೇ ಹೆಸರು, ಅಜ್ಜಿಯ ಜಾಗದಲ್ಲಿ ಯಜಮಾನಿಯಾಗಿ ಸೊಸೆ, ಕೊನೆಯಲ್ಲಿ ಕೂಸು. ಕೂಸಿನ ಬೆರಳಚ್ಚು ಈಗ ಬೇಡ. ಐದು ತುಂಬಿದ ಮೇಲೆ ಒಂದು ವರ್ಷದೊಳಗೆ ಇ-ಕೆವೈಸಿ ಮಾಡಿಸಬೇಕು.