ಮ್ಯಾನ್ ದ್ವೀಪದ ಪರ್ವತಪಥ

ಐರಿಷ್ ಸಮುದ್ರದ ನಡುವೆ ಮ್ಯಾನ್ ಎಂಬ ಪುಟ್ಟ ದ್ವೀಪವೊಂದಿದೆ. ಬ್ರಿಟನ್ನಿನ 1903ರ ಕಾಯಿದೆಯು ವಾಹನಗಳ ವೇಗವನ್ನು ಗಂಟೆಗೆ 20 ಮೈಲಿಗೆ ಮಿತಗೊಳಿಸಿದ್ದಿತು. ಸಾರ್ವಜನಿಕ ರಸ್ತೆಗಳಲ್ಲಿ ಪಂದ್ಯ ನಡೆಸಲು ಅಲ್ಲಿ ಅವಕಾಶವಿರಲಿಲ್ಲ. ತನ್ನದೇ ಶಾಸನಸಭೆಯುಳ್ಳ ಈ ದ್ವೀಪವು ಪಂದ್ಯಕ್ಕಾಗಿ ರಸ್ತೆಗಳನ್ನು ಮುಚ್ಚಲು ಒಪ್ಪಿತು. ಹೀಗೆ 1907ರಲ್ಲಿ ‘ಟೂರಿಸ್ಟ್ ಟ್ರೋಫಿ’ ಮೋಟಾರ್ ಸೈಕಲ್ ಪಂದ್ಯ ಜನ್ಮತಾಳಿ, 1911ರಲ್ಲಿ ಸ್ನೇಫೆಲ್ ಪರ್ವತವನ್ನೇರಿತು. ಆ ವರ್ಷ ಮುಖ್ಯ ಪಂದ್ಯದ ಮೊದಲ ಮೂರು ಸ್ಥಾನಗಳನ್ನು ಗಳಿಸಿದ ಯಂತ್ರಗಳ ಹೆಸರು ‘ಇಂಡಿಯನ್’. ವಾಚಕರು ಹಿಗ್ಗಬೇಕಾಗಿಲ್ಲ, ಅವು ಅಮೆರಿಕದಲ್ಲಿ ತಯಾರಾದವು.

ಒಂದು ಸುತ್ತಿಗೆ 37.73 ಮೈಲಿ, ಎಂದರೆ ಸುಮಾರು 60.7 ಕಿಲೋಮೀಟರು, ತಿರುವುಗಳು ಇನ್ನೂರಕ್ಕೂ ಹೆಚ್ಚು. ದಾರಿಯು ಊರುಗಳ ನಡುವೆ, ಕಲ್ಲುಗೋಡೆಗಳ ಮಗ್ಗುಲಲ್ಲಿ, ದೀಪದ ಕಂಬಗಳ ಪಕ್ಕದಲ್ಲಿ ಸಾಗುತ್ತದೆ.

ಇಲ್ಲಿನ ಕಷ್ಟವನ್ನು ತಿಳಿಯಲು ಸ್ವಲ್ಪ ಗಣಿತ ಬೇಕು. ಬೈಸಿಕಲ್ಲಿನಲ್ಲಿ ತಿರುಗುವಾಗ ನಾವು ಒಳಮಗ್ಗುಲಿಗೆ ವಾಲುತ್ತೇವಷ್ಟೆ. ವಾಲುವ ಕೋನದ ಸ್ಪರ್ಶಕವು (ಟ್ಯಾಂಜೆಂಟ್) ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದಷ್ಟು. ತಿರುವಿನ ತ್ರಿಜ್ಯ 100 ಮೀಟರು, ವೇಗ ಸೆಕೆಂಡಿಗೆ 30 ಮೀಟರು ಎಂದಿಟ್ಟುಕೊಳ್ಳೋಣ. 900ನ್ನು 980ರಿಂದ ಭಾಗಿಸಿದರೆ ಸುಮಾರು 0.92, ಕೋನ 43 ಡಿಗ್ರಿಗೆ ಸಮೀಪ. ರಸ್ತೆ ಸಮತಟ್ಟಾಗಿದ್ದರೆ, ಟೈರಿಗೂ ನೆಲಕ್ಕೂ ಇರಬೇಕಾದ ಘರ್ಷಣಾಂಕವೂ ಅಷ್ಟೇ. ವೇಗ ಇಮ್ಮಡಿಯಾದರೆ ಆ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಅಷ್ಟು ಹಿಡಿತವನ್ನು ಇಂತಹ ರಸ್ತೆಯಲ್ಲಿ ಯಾವ ಟೈರೂ ಕೊಡಲಾರದು. ಒದ್ದೆ ನೆಲದಲ್ಲಿ 0.92 ಕೂಡ ದೊರೆಯುವುದು ಕಷ್ಟ. ಡಗ್ಲಾಸ್ ಪಟ್ಟಣದಲ್ಲಿ ಬಿಸಿಲಿರುವಾಗಲೇ ಪರ್ವತದ ಮೇಲೆ ಮಂಜು ಕವಿದಿರಬಹುದು. ಒಂದೇ ಸುತ್ತಿನಲ್ಲಿ ಸವಾರನು ಎರಡು ಹವೆಗಳನ್ನು ಎದುರಿಸಬೇಕಾಗುತ್ತದೆ.

ಬಲ್ಲಾ ಎಂಬ ಹಳ್ಳಿಯ ಸೇತುವೆ ಗೂನುಬೆನ್ನಿನದು. ಅದರ ನೆತ್ತಿಯನ್ನು ದಾಟುವಾಗ ವಾಹನವು ನೆಲಬಿಟ್ಟು ನೆಗೆಯುತ್ತದೆ. ಬಾಗಿದ ದಾರಿಯಲ್ಲಿ ವಾಹನವನ್ನು ಕೆಳಗೆಳೆದು ಹಿಡಿದಿಡಲು ಅದರ ತೂಕವೊಂದೇ ಸಾಲದೆ ಹೋಗುವುದೇ ಇದಕ್ಕೆ ಕಾರಣ. ಬ್ರೇ ಹಿಲ್ ಇಳಿಜಾರಿನ ತಳದಲ್ಲಿ ಇದರ ವಿಪರ್ಯಯ: ಅಲ್ಲಿ ತೂಕವು ಹೆಚ್ಚಿದಂತಾಗಿ ಸ್ಪ್ರಿಂಗುಗಳು ಕುಗ್ಗುತ್ತವೆ.

ಸವಾರರು ಹತ್ತು ಹತ್ತು ಸೆಕೆಂಡುಗಳ ಅಂತರದಲ್ಲಿ ಹೊರಡುವುದರಿಂದ ಎದುರಾಳಿಯು ಹೆಚ್ಚಾಗಿ ಕಣ್ಣಿಗೇ ಬೀಳುವುದಿಲ್ಲ, ಸ್ಪರ್ಧೆ ಗಡಿಯಾರದೊಡನೆ. 1957ರಲ್ಲಿ ಬಾಬ್ ಮ್ಯಾಕಿಂಟೈರ್ ಸುತ್ತಿನ ಸರಾಸರಿಯನ್ನು ಮೊದಲ ಬಾರಿಗೆ ಗಂಟೆಗೆ 100 ಮೈಲಿಗೆ ಮೀರಿಸಿದನು. 2023ರಲ್ಲಿ ಪೀಟರ್ ಹಿಕ್‌ಮನ್ 136.358 ಮೈಲಿಯ ಸರಾಸರಿಯನ್ನು ಸಾಧಿಸಿದನು.

ಇದಕ್ಕೆ ತೆತ್ತ ಬೆಲೆ ಘೋರವಾದುದು. ಈ ಪಥದಲ್ಲಿ ಮಡಿದವರು 250ಕ್ಕೂ ಹೆಚ್ಚು ಮಂದಿ. 1972ರಲ್ಲಿ ಇಟಲಿಯ ಗಿಲ್ಬರ್ಟೊ ಪಾರ್ಲೊಟ್ಟಿ ಮಳೆಯಲ್ಲಿ ಬಿದ್ದು ಮೃತನಾದಾಗ, ಅವನ ಗೆಳೆಯನೂ ಅಗ್ರಗಣ್ಯ ಸವಾರನೂ ಆದ ಜಾಕೊಮೊ ಅಗೊಸ್ಟಿನಿ ಇಲ್ಲಿಗೆ ಮತ್ತೆ ಸ್ಪರ್ಧಿಸಲು ಬರಲಿಲ್ಲ. ಅವನ ನಿರ್ಧಾರ ನಮಗೆ ನ್ಯಾಯವಾಗಿಯೇ ತೋರುತ್ತದೆ. 1976ರ ತರುವಾಯ ಈ ಪಂದ್ಯವನ್ನು ವಿಶ್ವ ಚಾಂಪಿಯನ್‌ಷಿಪ್ಪಿನಿಂದ ಕೈಬಿಡಲಾಯಿತು. ಆದರೂ ಸವಾರರು ಸ್ವಇಚ್ಛೆಯಿಂದ ಅಲ್ಲಿಗೆ ಬರುತ್ತಲೇ ಇದ್ದಾರೆ.