ಊರೆಲ್ಲ ಹುಟ್ಟಿದ್ದು ಜನವರಿ ಒಂದಕ್ಕೆ

ಬೆಂಗಳೂರಿನ ಕೊಡಿಗೇಹಳ್ಳಿ ಸುತ್ತಮುತ್ತಲ ಕ್ಲಿನಿಕ್‌ಗಳ ನರ್ಸ್‌ಗಳಿಗೆ, ಡೇಟಾ ಎಂಟ್ರಿ ಆಪರೇಟರ್‌ಗಳಿಗೆ ಕಂಪ್ಯೂಟರ್ ದಾಖಲಾತಿ ಹೇಳಿಕೊಡುವುದು ನನ್ನ ಕೆಲಸ. ಹಾಲ್‌ನಲ್ಲಿ ಕೂರಿಸಿ, ಸ್ಲೈಡ್ ಓಡಿಸಿ, ಊಟ ಹಾಕಿ ಕಳಿಸಿದರೆ ತರಬೇತಿ ಮುಗಿಯಿತು ಅನ್ನುವುದು ರೂಢಿ. ಯಾವ ಬಟನ್ ಒತ್ತಬೇಕೆಂದು ಅಲ್ಲಿ ಗೊತ್ತಾಗುತ್ತದೆ. ಮುಂದಿನ ಅಪ್‌ಡೇಟ್‌ಗೆ ಆ ಬಟನ್ನೇ ಇರುವುದಿಲ್ಲ.

ಹಾಗಾಗಿ ನಾನು ಮೊದಲು ಅವರದೇ ಕ್ಲಿನಿಕ್‌ನ ಬಿ.ಪಿ. ಪಟ್ಟಿ ಮುಂದಿಡುತ್ತೇನೆ. 120/80, 130/80, 140/90. ಎಲ್ಲವೂ ಸೊನ್ನೆಯಲ್ಲೇ ಮುಗಿದಿರುತ್ತವೆ. 138 ಇದ್ದದ್ದನ್ನು 140 ಎಂದು ಬರೆದರೆ ಇಲ್ಲದ ರೋಗಿಯೊಬ್ಬರು ಪಟ್ಟಿಗೆ ಸೇರಿದರು ಅಂದಾಗ ಎಲ್ಲರೂ ನೆಟ್ಟಗೆ ಕೂರುತ್ತಾರೆ.

ಆಮೇಲೆ ಹುಟ್ಟಿದ ದಿನಾಂಕ. ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಇಲ್ಲಿನ ಹಳೇ ಅಜ್ಜಿಯರು ವಯಸ್ಸು ಅಂದಾಜಿಗೆ ಹೇಳಿದ್ದರೆ ಆಧಾರ್‌ನಲ್ಲಿ ಜನವರಿ 1 ಬಿದ್ದಿರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆರೋಗ್ಯ ಗುರುತು, ಆಭಾ ಸಂಖ್ಯೆಯನ್ನು ಆಧಾರ್‌ನಿಂದ ಮಾಡಿದರೆ ಅದೇ ದಿನಾಂಕ ಅಲ್ಲಿಗೂ ಹೋಗುತ್ತದೆ. ಇಬ್ಬರು ಲಕ್ಷ್ಮಮ್ಮಂದಿರ ಹೆಸರು, ಇಸವಿ, ದಿನಾಂಕ ಎಲ್ಲ ಒಂದೇ ಆದಾಗ ಒಬ್ಬರ ಸಕ್ಕರೆ ಕಾಯಿಲೆ ಇನ್ನೊಬ್ಬರ ಖಾತೆಗೆ ಬೀಳುವುದು ಸುಲಭ.

ಇದಕ್ಕೆ ದಾರಿ ತೋರಿಸಿದ್ದು ಸಾಫ್ಟ್‌ವೇರ್ ಕಂಪನಿಯವರಲ್ಲ, ನಿವೃತ್ತಿ ಹತ್ತಿರವಿದ್ದ ಒಬ್ಬ ಸಿಸ್ಟರ್. “ಅಜ್ಜೀ, ಇಂದಿರಾ ಗಾಂಧಿ ತೀರಿಕೊಂಡಾಗ ನಿಮ್ಮ ದೊಡ್ಡ ಮಗ ಸ್ಕೂಲಿಗೆ ಹೋಗ್ತಿದ್ನಾ?” ಅಂತ ಕೇಳಿ, 1984 ಹಿಡಿದು ವಯಸ್ಸು ಲೆಕ್ಕ ಹಾಕುತ್ತಿದ್ದರು. ಜೊತೆಗೆ ಗಂಡನ ಹೆಸರು, ಸ್ವಂತ ಊರು. ಹೀಗೆ ಹುಡುಕಿ ತಾಳೆ ನೋಡುವ ಕಸುಬಿಗೆ ನಮ್ಮಲ್ಲೇ ಹಳೆಯ ಮಾದರಿಯೂ ಇದೆ. 1982ರಿಂದ ನಡೆದಿರುವ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿಯ ಸಿಬ್ಬಂದಿ ಬೆಂಗಳೂರಿನ ಆಸ್ಪತ್ರೆಗಳಿಗೆ ತಾವೇ ಹೋಗಿ ದಾಖಲೆ ಹುಡುಕುತ್ತಾರೆ, ಒಬ್ಬರನ್ನು ಎರಡು ಸಲ ಎಣಿಸದಂತೆ ತಾಳೆ ನೋಡುತ್ತಾರೆ.

ಆದರೆ ಕಲಿತವರು ನಿಲ್ಲುವುದಿಲ್ಲ. ಗುತ್ತಿಗೆ ನೌಕರಿ, ಬಡ್ತಿ ಅನ್ನುವುದೇ ಇಲ್ಲ. ರೋಗಗಳಿಗೆ ಹಾಕುವ ಐಸಿಡಿ-10 ಕೋಡ್ ಕೈಗೆ ಹತ್ತಿದ ಹುಡುಗಿಗೆ ಅಮೆರಿಕದ ಆಸ್ಪತ್ರೆ ಬಿಲ್‌ಗಳಿಗೆ ಕೋಡ್ ಹಾಕುವ ಕಂಪನಿಯಲ್ಲಿ ಹೆಚ್ಚು ಸಂಬಳ ಸಿಗುತ್ತದೆ. ಹೋಗಲಿ, ಅದರಲ್ಲಿ ತಪ್ಪೇನು? ನಾನೇ ಶಿಫಾರಸು ಮಾಡಿದ್ದೂ ಉಂಟು. ಹಾಗಾಗಿ ಈಗ ತರಬೇತಿಗೆ ಪ್ರತಿ ಕ್ಲಿನಿಕ್‌ನಿಂದ ಇಬ್ಬರನ್ನು ಕಳಿಸಿ ಅನ್ನುತ್ತೇನೆ. ಅದರಲ್ಲೊಬ್ಬರು ಆ ಬೀದಿಯ ಆಶಾ ಕಾರ್ಯಕರ್ತೆಯೇ ಆಗಿರಬೇಕೆಂದು ಹಠ ಹಿಡಿಯುತ್ತೇನೆ. ಆಪರೇಟರ್ ಬದಲಾದರೂ ಯಾವ ಲಕ್ಷ್ಮಮ್ಮ ಯಾರು ಅನ್ನುವುದು ಅವರಿಗೆ ಗೊತ್ತಿರುತ್ತದೆ.