ದಾಖಲೆ ಮತ್ತು ಷರಾ

'ದಾಖಲೆ' ಎಂಬ ಶಬ್ದವು ಕನ್ನಡಕ್ಕೆ ಅರಬ್ಬೀ ಮೂಲದಿಂದ ಬಂದುದು. ಒಳಗೆ ಪ್ರವೇಶಿಸಿದ್ದು, ನಮೂದಾದದ್ದು ಎಂಬುದು ಅದರ ಮೂಲಾರ್ಥ. ಧಾರವಾಡ ಸೀಮೆಯ ಕಚೇರಿಗಳ ಕಡತಗಳಲ್ಲಿ ಈ ಶಬ್ದದ ಜೊತೆಗೇ ಇನ್ನೊಂದು ಶಬ್ದವೂ ರೂಢಿಗೊಂಡಿತು, ಅದು 'ಷರಾ'. ಶಾಲೆಯ ಯಾವ ವಹಿಯನ್ನು ತೆರೆದರೂ ಕೊನೆಯ ಕಲಮು ಷರಾದ್ದೇ. ಹೆಸರು, ತಾರೀಖು, ಸಂಖ್ಯೆಗಳೆಲ್ಲ ತಮ್ಮ ತಮ್ಮ ಸ್ಥಾನಗಳಲ್ಲಿ ನಿಂತ ಮೇಲೆ, ಅವುಗಳ ಬಗ್ಗೆ ಹೇಳಲೇಬೇಕಾದ ಮಾತೊಂದು ಉಳಿದಿದ್ದರೆ ಅದಕ್ಕೆ ಅಲ್ಲಿ ಎಡೆ. ಹೆಚ್ಚಿನ ಸಾಲುಗಳಲ್ಲಿ ಆ ಕಲಮು ಬರಿದಾಗಿರುತ್ತದೆ. ಎಲ್ಲಿ ಬರಿದಾಗಿರುವುದಿಲ್ಲವೋ ಅಲ್ಲಿಯೇ ವಾದಗಳು ಹುಟ್ಟುತ್ತವೆ.

ಆಟದ ಬಯಲಿನ ದಾಖಲೆಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಇಂತಹ ಆಟಗಾರ ಇಷ್ಟು ವಿಕೆಟ್ ಪಡೆದ, ಇಷ್ಟು ಓಟ ಗಳಿಸಿದ ಎಂಬುದು ದಾಖಲೆ. ಗಾಯದಿಂದಾಗಿ ಅವನು ಎರಡು ವರ್ಷ ಆಡಲಿಲ್ಲ ಎಂಬುದು ಒಂದು ಬಗೆಯ ಷರಾ. ಅವನು ನಿಯಮವನ್ನು ಮೀರಿ ಗಳಿಸಿದನೆಂಬ ಸಂಶಯವಿದೆ ಎಂಬುದು ಇನ್ನೊಂದು ಬಗೆಯದು. ಮೊದಲನೆಯದು ಇದ್ದ ಸಂಖ್ಯೆಗೆ ಕೂಡಿಸಬಯಸುತ್ತದೆ, ಎರಡನೆಯದು ಇದ್ದ ಸಂಖ್ಯೆಯಿಂದ ಕಳೆಯಬಯಸುತ್ತದೆ. ಇವೆರಡಕ್ಕೂ ಎಷ್ಟರ ಮಟ್ಟಿನ ಅಧಿಕಾರವಿದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ವಿವಾದವು ಅತ್ಯಂತ ಉಗ್ರವಾಗಿ ನಡೆದಿರುವುದು ಅಮೆರಿಕೆಯ ಬೇಸ್‌ಬಾಲ್ ಆಟದಲ್ಲಿ. ದಾಂಡಿನ ಪೆಟ್ಟಿಗೆ ಚೆಂಡು ಬೇಲಿಯಾಚೆ ಹಾರಿದರೆ ಅಲ್ಲಿ ಅದು ಹೋಮ್ ರನ್. ನಮ್ಮ ಸಿಕ್ಸರಿಗೆ ಹತ್ತಿರದ್ದು. 1927ರಲ್ಲಿ ಬೇಬ್ ರೂತ್ ಒಂದೇ ಋತುವಿನಲ್ಲಿ 60 ಹೋಮ್ ರನ್ ಹೊಡೆದಾಗ ಋತುವಿಗೆ 154 ಪಂದ್ಯಗಳಿದ್ದವು. 1961ರಲ್ಲಿ ರೋಜರ್ ಮ್ಯಾರಿಸ್ 61 ಹೊಡೆದಾಗ ಪಂದ್ಯಗಳು 162 ಆಗಿದ್ದವು. ಎರಡನ್ನೂ ಬೇರೆ ಬೇರೆಯಾಗಿ ನಮೂದಿಸತಕ್ಕದ್ದೆಂದು ಅಂದಿನ ಅಧಿಕಾರಿಗಳು ಹೇಳಿದರು. ಆ ಭೇದವು ಅಳಿಯಲು 1991 ಬರಬೇಕಾಯಿತು. ಮುಂದೆ ಬ್ಯಾರಿ ಬಾಂಡ್ಸ್ 2001ರಲ್ಲಿ ಒಂದೇ ಋತುವಿನಲ್ಲಿ 73 ಹೊಡೆದರು. 2007ರಲ್ಲಿ ಹ್ಯಾಂಕ್ ಆರನ್ ಅವರ 755ನ್ನು ದಾಟಿ ಒಟ್ಟು 762ಕ್ಕೆ ನಿಂತರು. ಸ್ನಾಯುಬಲ ಹೆಚ್ಚಿಸುವ ಮದ್ದಿನ ಸಂಶಯವು ಅವರನ್ನು ಬಿಡದೆ ಹಿಂಬಾಲಿಸಿತು. ಅವರ 756ನೆಯ ಹೊಡೆತದ ಚೆಂಡನ್ನು ಹರಾಜಿನಲ್ಲಿ ಕೊಂಡ ವಸ್ತ್ರವಿನ್ಯಾಸಕರೊಬ್ಬರು ಸಾರ್ವಜನಿಕರ ಮತ ಕೇಳಿ, ಅತಿ ಹೆಚ್ಚು ಮತ ಬಿದ್ದ ಆಯ್ಕೆಯಂತೆ ಆ ಚೆಂಡಿನ ಮೇಲೆ ನಕ್ಷತ್ರಚಿಹ್ನೆಯೊಂದನ್ನು ಕೊರೆಯಿಸಿ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಷರಾವನ್ನು ವಹಿಯಲ್ಲಿ ಬರೆಯದೆ ಚೆಂಡಿನ ಚರ್ಮದ ಮೇಲೆಯೇ ಬರೆದಂತಾಯಿತು! ಇನ್ನೊಂದು ಕಡೆ, 630ಕ್ಕೆ ನಿಂತ ಕೆನ್ ಗ್ರಿಫಿ ಎಂಬ ಆಟಗಾರರು ಪದೇ ಪದೇ ಗಾಯಗೊಳ್ಳದಿದ್ದರೆ ಎಲ್ಲರನ್ನೂ ಮೀರುತ್ತಿದ್ದರೆಂದು ಅವರ ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ.

ದೂರದ ಈ ಉದಾಹರಣೆಯನ್ನು ಅಲ್ಲಿಗೇ ಬಿಡಬಹುದು. ಕನ್ನಡಿಗರ ಮನೆಯಂಗಳದಲ್ಲಿಯೇ ಇದಕ್ಕೆ ಸರಿಸಮನಾದ ಪ್ರಕರಣವಿದೆ. ಅದು ಟೆಸ್ಟ್ ಕ್ರಿಕೆಟ್ಟಿನ ವಿಕೆಟ್ಟುಗಳ ಲೆಕ್ಕ. ಮುತ್ತಯ್ಯ ಮುರಳೀಧರನ್ 800, ಶೇನ್ ವಾರ್ನ್ 708, ಜೇಮ್ಸ್ ಆ್ಯಂಡರ್ಸನ್ 704, ಬೆಂಗಳೂರಿನ ಅನಿಲ್ ಕುಂಬ್ಳೆ 619. ಮೊದಲ ಮೂವರು ಸ್ಪಿನ್ ಬೌಲರುಗಳ ಹೆಸರಿನ ಮುಂದೆ, ಅಂದರೆ ಮುರಳೀಧರನ್, ವಾರ್ನ್ ಮತ್ತು ಕುಂಬ್ಳೆಯವರ ಮುಂದೆ, ಗಾಯದ ಷರಾ ಇದೆ; ಸಂಶಯದ ಷರಾ ಮಾತ್ರ ಎಲ್ಲರಿಗೂ ಸಮನಾಗಿಲ್ಲ.

ಕುಂಬ್ಳೆಯವರ ಗಾಯಗಳ ವೃತ್ತಾಂತವನ್ನು ಹಳ್ಳಿಯ ಹುಡುಗರೂ ಬಲ್ಲರು. 2002ರ ಮೇ ತಿಂಗಳಲ್ಲಿ ಆಂಟಿಗುವಾದ ಪಂದ್ಯದಲ್ಲಿ ಬ್ಯಾಟು ಮಾಡುತ್ತಿದ್ದಾಗ ಮರ್ವಿನ್ ಡಿಲನ್ ಅವರ ಚೆಂಡು ಬಡಿದು ದವಡೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಮರಳುವುದು ನಿಶ್ಚಯವಾಗಿತ್ತು. ಆದರೂ ತಲೆಯಿಂದ ಗದ್ದದವರೆಗೆ ಪಟ್ಟಿ ಬಿಗಿಸಿಕೊಂಡು ಬಯಲಿಗಿಳಿದು 14 ಓವರು ಎಸೆದರು. ಬ್ರಯನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದರು. 619ರ ಮೊತ್ತದಲ್ಲಿ ಆ ವಿಕೆಟ್ಟಿನ ಬೆಲೆ ಒಂದು. ಕಾಯಿಲೆ ಕಸಾಲೆಯಿಲ್ಲದ ದಿನ, ಹನ್ನೊಂದನೆಯ ಕ್ರಮಾಂಕದ ಆಟಗಾರನಿಂದ ಪಡೆದ ವಿಕೆಟ್ಟಿನ ಬೆಲೆಯೂ ಒಂದೇ. ಸಂಖ್ಯೆಯು ನಿಷ್ಪಕ್ಷಪಾತಿಯಾದುದರಿಂದಲೇ ಮೂಕವೂ ಆಗಿದೆ. ಆಂಟಿಗುವಾದ ಕಥೆಯನ್ನು ಷರಾ ಕಲಮಿನಲ್ಲಿ ಬರೆಯದಿದ್ದರೆ ಅದನ್ನು ಹೇಳುವವರೇ ಇಲ್ಲ.

ಆದರೆ ಅಭಿಮಾನಿಯು ಇಷ್ಟಕ್ಕೇ ತೃಪ್ತನಾಗುವುದಿಲ್ಲ. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಕುಂಬ್ಳೆ 2001ರ ಆರಂಭದಲ್ಲಿ ಆಸ್ಟ್ರೇಲಿಯದ ವಿರುದ್ಧ ತಾಯ್ನೆಲದಲ್ಲಿ ನಡೆದ ಸರಣಿಯನ್ನು ಆಡಲಿಲ್ಲ. ಆಡಿದ್ದರೆ ಇನ್ನೂ ಇಪ್ಪತ್ತು ವಿಕೆಟ್ಟುಗಳು ಸೇರುತ್ತಿದ್ದವೆಂದು ಅವನು ಲೆಕ್ಕ ಹಾಕುತ್ತಾನೆ. ಆ ಸರಣಿಯ ಮೂರು ಟೆಸ್ಟುಗಳಲ್ಲಿ ಹರಭಜನ್ ಸಿಂಗ್ 32 ವಿಕೆಟ್ ಪಡೆದರೆಂಬುದನ್ನು ಅವನು ಮರೆಯುತ್ತಾನೆ. ಕುಂಬ್ಳೆ ಇದ್ದಿದ್ದರೆ ಹರಭಜನರಿಗೆ ಅಷ್ಟು ಓವರುಗಳು ಎಲ್ಲಿ ದೊರೆಯುತ್ತಿದ್ದವು? ಒಂದು ತಂಡಕ್ಕೆ ಒಂದು ಇನ್ನಿಂಗ್ಸಿನಲ್ಲಿ ಸಿಕ್ಕುವ ವಿಕೆಟ್ಟುಗಳು ಹತ್ತು ಮಾತ್ರ. ಒಬ್ಬನ ಗಾಯದ ಹೆಸರಿನಲ್ಲಿ ಕಲ್ಪಿಸಿ ಕೂಡಿಸಿದ್ದನ್ನು ಇನ್ನೊಬ್ಬನು ಬೆವರು ಸುರಿಸಿ ಗಳಿಸಿದ್ದರಿಂದಲೇ ಕಳೆಯಬೇಕಾಗುತ್ತದೆ. 'ಗಾಯವಾಗದಿದ್ದರೆ' ಎಂಬ ವಾದದಲ್ಲಿ ಅಡಗಿರುವ ಈ ಅನ್ಯಾಯವನ್ನು ಯಾರೂ ಗಮನಿಸುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಮೈಸೂರಿನಲ್ಲಿ ಜನಿಸಿದ ಬಿ. ಎಸ್. ಚಂದ್ರಶೇಖರ್ ಅವರ ಉದಾಹರಣೆ. ಬಾಲ್ಯದ ಪೋಲಿಯೋ ಅವರ ಬಲಗೈಯನ್ನು ಬಡವಾಗಿಸಿತು. ಬಯಲಿನಲ್ಲಿ ಚೆಂಡನ್ನು ಹಿಂದಿರುಗಿಸುವಾಗ ಎಡಗೈ ಬಳಸುತ್ತಿದ್ದ ಅವರು ಬೌಲಿಂಗಿಗೆ ಮಾತ್ರ ಆ ಬಲಗೈಯನ್ನೇ ಆರಿಸಿಕೊಂಡರು. ಸೊರಗಿದ ಆ ಕೈ ಚಾಟಿಯಂತೆ ಬೀಸಿ, ಸ್ಪಿನ್ನರುಗಳಿಗೆ ಸಾಧಾರಣವಾಗಿ ಇಲ್ಲದ ವೇಗವನ್ನು ಅವರಿಗೆ ಕೊಟ್ಟಿತು. 1971ರಲ್ಲಿ ಓವಲ್ ಬಯಲಿನಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನಲ್ಲಿ ಭಾರತದ ಮೊದಲ ಸರಣಿವಿಜಯಕ್ಕೆ ಕಾರಣರಾದುದು ಆ ಕೈಯೇ. ಅದಕ್ಕೆ ಮುನ್ನ ಮೂರು ವರ್ಷಕ್ಕೂ ಮಿಕ್ಕಿ ಅವರು ಗಾಯ ಮತ್ತು ರಸ್ತೆ ಅಪಘಾತದ ಕಾರಣದಿಂದ ಟೆಸ್ಟ್ ಆಡಿರಲಿಲ್ಲ. 58 ಪಂದ್ಯಗಳಲ್ಲಿ ಅವರ ಗಳಿಕೆ 242 ವಿಕೆಟ್. ಇಲ್ಲಿ ದೇಹದ ಊನವು ಕಳೆದದ್ದೆಷ್ಟು, ಕೂಡಿಸಿದ್ದೆಷ್ಟು ಎಂದು ಯಾರು ತೂಗಿ ಹೇಳಬಲ್ಲರು? ಚಂದ್ರಶೇಖರರ ಕೈಯನ್ನು ಜನ ವಿಸ್ಮಯದಿಂದ ನೋಡಿದರು. ಹುಟ್ಟಿನಿಂದಲೇ ಮೊಳಕೈ ಪೂರ್ತಿ ನೆಟ್ಟಗಾಗದ ಮುರಳೀಧರನ್ ಅವರ ಕೈಯನ್ನು ನೋಡಿದವರು ಎಷ್ಟೋ ಜನ ಸಂಶಯದಿಂದ ನೋಡಿದರು.

ಈ ಸಂಶಯವನ್ನು ಕನ್ನಡದಲ್ಲಿ ವಿವರಿಸುವುದೇ ಒಂದು ತೊಡಕು. ನಮ್ಮ ಪತ್ರಿಕೆಗಳು ಬೌಲರನ್ನು ಎಸೆತಗಾರನೆನ್ನುತ್ತವೆ, ಅವನು ಹಾಕಿದ ಚೆಂಡನ್ನು ಎಸೆತವೆನ್ನುತ್ತವೆ. ಆದರೆ ಆಟದ ನಿಯಮವು ನಿಷೇಧಿಸಿರುವುದು ಎಸೆಯುವುದನ್ನೇ! ಕೈಯನ್ನು ಭುಜದಿಂದ ಸುತ್ತಿ ಚೆಂಡನ್ನು ಬಿಡಬೇಕು. ಬಿಡುವ ಮುನ್ನ ಮಡಿಸಿದ ಮೊಳಕೈಯನ್ನು ಝಾಡಿಸಿ ನೆಟ್ಟಗೆ ಮಾಡಬಾರದು. ಬಾಗಿದ ಕೈ ತಪ್ಪಲ್ಲ, ಬಾಗಿದ್ದನ್ನು ಬಿಡಿಸುವುದು ತಪ್ಪು. ಈ ಭೇದವನ್ನು ಅರಿಯದವರೇ ಮುರಳೀಧರನ್ ಅವರ ಮೇಲೆ ಹೆಚ್ಚಾಗಿ ಮಾತಾಡಿದರು.

1995ರ ಡಿಸೆಂಬರ್ 26ರಂದು ಮೆಲ್ಬರ್ನಿನಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಅವರ ಚೆಂಡುಗಳನ್ನು ಏಳು ಸಲ ನೋ ಬಾಲ್ ಎಂದು ಸಾರಿದರು. ಮರುವರ್ಷ ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆದು, ಎಸೆತವೆಂಬಂತೆ ಕಾಣುವುದು ದೃಷ್ಟಿಭ್ರಮೆಯೆಂಬ ನಿರ್ಣಯ ಹೊರಬಿತ್ತು. 2004ರಲ್ಲಿ ಅವರ 'ದೂಸ್ರಾ' ಎಂಬ ಚೆಂಡಿನ ಮೇಲೆ ಮತ್ತೆ ದೂರು ಬಂದಿತು. ಆಗ ಅನೇಕ ಬೌಲರುಗಳ ಕೈಗಳನ್ನು ವೇಗದ ಕ್ಯಾಮರಾಗಳಲ್ಲಿ ಅಳೆದು ನೋಡಿದಾಗ, ಶುದ್ಧ ಶೈಲಿಯವರೆಂದು ಹೊಗಳಿಸಿಕೊಂಡವರ ಮೊಳಕೈಯೂ ಒಂದಿಷ್ಟು ಬಿಚ್ಚಿಕೊಳ್ಳುತ್ತದೆಂದು ತಿಳಿಯಿತು. 2005ರಿಂದ ಎಲ್ಲರಿಗೂ 15 ಅಂಶಗಳ ಒಂದೇ ಮಿತಿ ಜಾರಿಯಾಯಿತು. ಒಬ್ಬನಿಗಾಗಿ ನಿಯಮವನ್ನು ಹಿಗ್ಗಿಸಿದರೆಂದು ಟೀಕಾಕಾರರು ಹೇಳಿದರು. ಬರಿಗಣ್ಣಿನಿಂದ ಅಳೆಯಲಾಗದ ನಿಯಮವನ್ನು ಅಳೆಯಬಲ್ಲಂತೆ ಮಾಡಿದರೆಂದು ಹೇಳುವುದೇ ಹೆಚ್ಚು ಯಥಾರ್ಥ.

ವಾರ್ನ್ ಅವರ ಷರಾ ಬೇರೆ ತೆರನಾದುದು. 2002ರ ಡಿಸೆಂಬರಿನಲ್ಲಿ ಅವರ ಭುಜದ ಕೀಲು ತಪ್ಪಿತು. ವೈದ್ಯರ ನಿರೀಕ್ಷೆಗಿಂತ ಬೇಗ ಅವರು ಬಯಲಿಗೆ ಮರಳಿದರು. 2003ರ ಫೆಬ್ರುವರಿಯಲ್ಲಿ, ವಿಶ್ವಕಪ್ಪಿನ ಹೊಸ್ತಿಲಲ್ಲಿ, ನಿಷಿದ್ಧವಾದ ಮೂತ್ರವರ್ಧಕ ಔಷಧ ಅವರ ದೇಹದಲ್ಲಿ ಪತ್ತೆಯಾಗಿ ಒಂದು ವರ್ಷದ ಬಹಿಷ್ಕಾರ ವಿಧಿಸಲಾಯಿತು. ತೂಕ ಇಳಿಸಲೆಂದು ತಾಯಿ ಕೊಟ್ಟ ಗುಳಿಗೆಯೆಂದು ಅವರ ಸಮಜಾಯಿಷಿ. ಇಂತಹ ಗುಳಿಗೆಯು ಬೇರೆ ಮದ್ದಿನ ಸುಳಿವನ್ನು ಮರೆಸಬಲ್ಲುದಾದುದರಿಂದ ಅದು ನಿಷಿದ್ಧ. ಬೇರೆ ಮದ್ದಿತ್ತೆಂಬುದು ರುಜುವಾತಾಗಲಿಲ್ಲ. ಗಾಯವು ಬೇಗ ಮಾದುದೇ ಸಂಶಯಕ್ಕೆ ಹೆಬ್ಬಾಗಿಲಾಯಿತು. ಎರಡು ಷರಾಗಳೂ ಇಲ್ಲಿ ಒಂದನ್ನೊಂದು ಹೊಕ್ಕು ನಿಂತಿವೆ.

2004ನೆಯ ಇಸವಿಯನ್ನೇ ನೋಡಿರಿ. ಬಹಿಷ್ಕಾರ ಮುಗಿಸಿ ವಾರ್ನ್ ಮಾರ್ಚಿನಲ್ಲಿ ಮರಳಿದರು. ಮೇ ತಿಂಗಳಲ್ಲಿ ಕೋರ್ಟ್ನಿ ವಾಲ್ಷ್ ಅವರ 519ನ್ನು ಮುರಳೀಧರನ್ ಮೀರಿದರು. ಅದೇ ತಿಂಗಳು ಆಸ್ಟ್ರೇಲಿಯದ ಪ್ರಧಾನಿಯೇ ಅವರನ್ನು ಚೆಂಡು ಎಸೆಯುವವನೆಂದು ಬಹಿರಂಗವಾಗಿ ಕರೆದರು. ಜುಲೈನಲ್ಲಿ ಅವರು ಆ ದೇಶದ ಪ್ರವಾಸಕ್ಕೆ ಹೋಗಲಿಲ್ಲ. ಆಗಸ್ಟಿನಲ್ಲಿ ಅವರಿಗೆ ಭುಜದ ಶಸ್ತ್ರಚಿಕಿತ್ಸೆ. ಅಕ್ಟೋಬರಿನಲ್ಲಿ ವಾರ್ನ್ ಚೆನ್ನೈಯಲ್ಲಿ ಅವರ 532ನ್ನು ದಾಟಿದರು. 2007ರ ಡಿಸೆಂಬರಿನಲ್ಲಿ ಮುರಳೀಧರನ್ ಕ್ಯಾಂಡಿಯಲ್ಲಿ 708ನ್ನು ದಾಟಿ ಮುಂದೆ ನಡೆದರು. ವಾರ್ನ್ ಪಕ್ಷದವರು ಬಹಿಷ್ಕಾರದ ವರ್ಷವನ್ನು ಕೂಡಿಸುತ್ತಾರೆ. ಮುರಳೀಧರನ್ ಬಾಂಗ್ಲಾದೇಶ ಹಾಗೂ ಜಿಂಬಾಬ್ವೆಗಳ ವಿರುದ್ಧ ಪಡೆದ 176ನ್ನು ಕಳೆಯುತ್ತಾರೆ. ಈ ಗಣಿತದಲ್ಲಿ ಯಾರು ಬೇಕಾದರೂ ಗೆಲ್ಲಬಹುದು.

ಗ್ರಂಥಸಂಪಾದನೆಯ ಪರಿಚಯವಿದ್ದವರಿಗೆ ಈ ಬಿಕ್ಕಟ್ಟು ಹೊಸದಲ್ಲ. ತಾಳೆಗರಿಯ ಪ್ರತಿಯಲ್ಲಿ ಹುಳು ತಿಂದ ಜಾಗವಿರುತ್ತದೆ, ಅದು ತ್ರುಟಿತ. ಪರರು ಸೇರಿಸಿದರೆಂದು ತೋರುವ ಪದ್ಯವಿರುತ್ತದೆ, ಅದು ಪ್ರಕ್ಷಿಪ್ತ. ತ್ರುಟಿತವಾದೆಡೆ ಸಂಪಾದಕನು ತಾನೇ ಪದ್ಯ ಕಟ್ಟಿ ತುಂಬುವುದಿಲ್ಲ, ಚುಕ್ಕೆಗಳನ್ನಿಟ್ಟು ಬಿಡುತ್ತಾನೆ. ಶೈಲಿ ಒಪ್ಪದೆಂಬ ಮಾತ್ರಕ್ಕೆ ಪದ್ಯವನ್ನು ಕಿತ್ತೊಗೆಯುವುದೂ ಇಲ್ಲ. ಪ್ರತಿಗಳ ಸಾಕ್ಷ್ಯವಿದ್ದರೆ ಹೊರಗಿಡುತ್ತಾನೆ, ಸಂಶಯ ಮಾತ್ರವಿದ್ದರೆ ಅಡಿಟಿಪ್ಪಣಿಯಲ್ಲಿ ಹೇಳುತ್ತಾನೆ. ತನಗೆ ಪ್ರಿಯನಾದ ಕವಿಗೊಂದು ನ್ಯಾಯ, ಅಪ್ರಿಯನಿಗೊಂದು ನ್ಯಾಯ ಮಾಡುವ ಸಂಪಾದಕನ ಆವೃತ್ತಿಯನ್ನು ವಿದ್ವಾಂಸರು ಮುಟ್ಟುವುದಿಲ್ಲ.

ಆ ಕೊನೆಯ ಮಾತನ್ನು ಕನ್ನಡಿಗರು ತಮಗೇ ಅನ್ವಯಿಸಿಕೊಳ್ಳಬೇಕಾದ ಸ್ಥಳವೊಂದಿದೆ. 1999ರ ಫೆಬ್ರುವರಿ 7ರಂದು ದಿಲ್ಲಿಯ ಕೋಟ್ಲಾ ಬಯಲಿನಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ಓಟಗಳಿಗೆ ಪಡೆದರು. ಟೆಸ್ಟ್ ಚರಿತ್ರೆಯಲ್ಲಿ ಅದಕ್ಕೆ ಮುನ್ನ ಆ ಸಾಧನೆ ಮಾಡಿದ್ದವರು 1956ರಲ್ಲಿ ಜಿಮ್ ಲೇಕರ್ ಒಬ್ಬರೇ. ವಿಕೆಟ್ ನಷ್ಟವಿಲ್ಲದೆ 101 ಓಟ ಗಳಿಸಿದ್ದ ಪಾಕಿಸ್ತಾನ 207ಕ್ಕೆ ಕುಸಿಯಿತು. ಆ ಕಾಲದ ಪದ್ಧತಿಯಂತೆ ಇಬ್ಬರು ಅಂಪೈರುಗಳಲ್ಲಿ ಒಬ್ಬರು ಆತಿಥೇಯ ದೇಶದವರು. ತೀರ್ಪನ್ನು ಪುನಃ ಪರಿಶೀಲಿಸುವ ಏರ್ಪಾಡು ಆಗ ಇರಲಿಲ್ಲ. ಮೊದಲು ಔಟಾದ ಶಾಹಿದ್ ಅಫ್ರಿದಿ ಒಪ್ಪದ ಮುಖದಿಂದಲೇ ಬಯಲು ಬಿಟ್ಟರು. ಒಂಬತ್ತು ವಿಕೆಟ್ಟುಗಳಾದ ಮೇಲೆ ಮೈಸೂರಿನವರೇ ಆದ ಜಾವಗಲ್ ಶ್ರೀನಾಥ್ ಇನ್ನೊಂದು ತುದಿಯಿಂದ, ತಮಗೆ ವಿಕೆಟ್ ಬೀಳದಿರಲೆಂದು ಚೆಂಡುಗಳನ್ನು ದೂರಕ್ಕೆ ಹಾಕಿದರು. ಕರ್ನಾಟಕದಲ್ಲಿ ಇದನ್ನು ಸ್ನೇಹದ ಉದಾರತೆಯೆಂದು ಹೇಳಿಕೊಳ್ಳುತ್ತಾರೆ, ಉದಾರತೆಯೇ ಸರಿ. ಕೊಲಂಬೋದ ಬೌಲರನೊಬ್ಬನು ಮುರಳೀಧರನ್ ಅವರಿಗಾಗಿ ಹೀಗೆ ಮಾಡಿದ್ದರೂ ಅದನ್ನು ಇದೇ ಹೆಸರಿನಿಂದ ಕರೆಯಬೇಕಾಗುತ್ತದೆ. ದಿಲ್ಲಿಯ ಹತ್ತು ವಿಕೆಟ್ಟುಗಳಲ್ಲಿ ಒಂದನ್ನೂ ಕಳೆಯಲು ಯಾರಿಗೂ ಅಧಿಕಾರವಿಲ್ಲ. ಆದರೆ ಈ ಸಂಗತಿಗಳನ್ನು ಷರಾದಿಂದ ಒರೆಸಿ ಹಾಕಲು ಕನ್ನಡಿಗರಿಗೂ ಅಧಿಕಾರವಿಲ್ಲ.

ಸವಣೂರು, ಯಲವಿಗಿಗಳ ಸುತ್ತಿನ ಬಯಲುಗಳಲ್ಲಿ ಸುಗ್ಗಿ ಮುಗಿದ ಮೇಲೆ ಆಡುವ ಹುಡುಗರಲ್ಲಿಯೂ ಈ ಜಗಳ ದಿನಾಲೂ ನಡೆಯುತ್ತದೆ. ತಮ್ಮ ಓಣಿಯವನ ಚೆಂಡು ಸೊಗಸು, ಆಚೆ ಊರಿನವನದು ಥ್ರೋ. ತೀರ್ಪು ಕೊಡಲು ನಿಲ್ಲುವ ಶಿಕ್ಷಕರ ಮುಂದೆ ಕ್ಯಾಮರಾ ಇರುವುದಿಲ್ಲ. ಮೊಳಕೈ ಡೊಂಕಾಗಿ ಹುಟ್ಟಿದ ಬಾಲಕನನ್ನು ಒಂದೇ ನೋಟಕ್ಕೆ ಮೋಸಗಾರನೆಂದು ಕರೆಯುವ ಭಯ ಅಲ್ಲಿ ನಿಜವಾದುದು. ಆ ಹೆಸರು ಒಮ್ಮೆ ಅಂಟಿದರೆ ಆ ಹುಡುಗ ಮರುದಿನ ಬಯಲಿಗೆ ಬರಲಾರ.

ಕುಂಬ್ಳೆ 2008ರ ನವೆಂಬರಿನಲ್ಲಿ, ಎಡಗೈ ಕಿರುಬೆರಳಿಗೆ 11 ಹೊಲಿಗೆ ಹಾಕಿಸಿಕೊಂಡ ಸ್ಥಿತಿಯಲ್ಲಿ, ಅದೇ ಕೋಟ್ಲಾ ಬಯಲಿನಲ್ಲಿ ನಿವೃತ್ತರಾದರು. 2012ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಕ್ರಿಕೆಟ್ ಸಮಿತಿಗೆ ಅಧ್ಯಕ್ಷರಾದರು. ಸಂಶಯಾಸ್ಪದ ಶೈಲಿಯ ಬೌಲರುಗಳನ್ನು ಗುರುತಿಸಿ ಪರೀಕ್ಷಿಸುವ ಕ್ರಮ ಇನ್ನಷ್ಟು ಬಿಗಿಯಾಗಬೇಕೆಂದು 2014ರಲ್ಲಿ ಸೂಚಿಸಿದುದು ಅವರ ಅಧ್ಯಕ್ಷತೆಯ ಸಮಿತಿಯೇ. ಆ ವರ್ಷ ಹಲವರು ಅಮಾನತಿಗೊಳಗಾದರು. ಪಾಕಿಸ್ತಾನದ ಸಯೀದ್ ಅಜ್ಮಲ್ ಅವರಲ್ಲೊಬ್ಬರು. ಕೈ ತಿದ್ದಿಕೊಂಡು ಪ್ರಯೋಗಾಲಯದಲ್ಲಿ ಉತ್ತೀರ್ಣರಾದವರು ಆಟಕ್ಕೆ ಮರಳಿದರು. ಅಮಾನತಿಗೆ ಮುನ್ನ ಅವರು ಪಡೆದಿದ್ದ ವಿಕೆಟ್ಟುಗಳು ವಹಿಯಲ್ಲಿ ಹಾಗೆಯೇ ಉಳಿದಿವೆ.